ಡೀಕನ್ ಪೈಕ್ ಕರೆದದ್ದು ಪಾದ್ರಿಯ ಹೆಂಡತಿಯನ್ನು

ಅಮೆರಿಕದ ವರ್ಮಾಂಟಿನ ನಮ್ಮ ಕೋರ್ಬೆಟ್ ಊರಿಗೆ ಏಸಹೆಲ್ ಥರ್ಬರ್ ಪಾದ್ರಿಯಾಗಿ ಬಂದಾಗ ನಾನು ಅವರ ಪಕ್ಕದ ಮನೆಯವಳು. ನಮ್ಮದು ಕಾಂಗ್ರಿಗೇಷನಲ್ ಚರ್ಚು. ಪಾದ್ರಿಯನ್ನು ಯಾವ ಬಿಷಪ್ಪನೂ ಕಳಿಸುವುದಿಲ್ಲ, ಸಭೆಯವರೇ ಕೈಯೆತ್ತಿ ಆರಿಸಿಕೊಳ್ಳುತ್ತೇವೆ. ಥರ್ಬರ್‌ಗೆ ಎಲ್ಲರೂ ಕೈಯೆತ್ತಿದ್ದೆವು. ಓದಿದ ಮನುಷ್ಯ, ವಾರವೆಲ್ಲ ಕೂತು ಪ್ರಸಂಗ ಬರೆಯುತ್ತಿದ್ದರು. ಭಾನುವಾರ ಕೇಳಿ ತಲೆದೂಗುತ್ತಿದ್ದೆವು. ಆದರೆ ಮನೆಯಲ್ಲಿ ಜಗಳವಾದರೆ, ಮಗು ಸತ್ತರೆ, ನಾವು ಹೋಗುತ್ತಿದ್ದದ್ದು ಹಿಂಬಾಗಿಲಿಂದ ಅಡುಗೆಮನೆಗೆ, ಅವರ ಹೆಂಡತಿ ಲವೈನಾಳ ಹತ್ತಿರ. ಆಕೆ ಬೀನ್ಸ್ ಬಿಡಿಸುತ್ತಾ ಸುಮ್ಮನೆ ಕೇಳುತ್ತಿದ್ದಳು. ಗೋಡೆಯಾಚೆ ಪಾದ್ರಿಗೆ ಹೊಟ್ಟೆ ಉರಿಯುತ್ತಿತ್ತು.

"ಇವತ್ತು ಯಾರ್ ಬಂದಿದ್ರು?" ಎಂದು ಊಟಕ್ಕೆ ಕೂತಾಗ ಕೇಳುವರು.

"ಯಾರೋ ಬಂದಿದ್ರು, ರೀ."

"ನನಗೆ ಹೇಳಬಾರದ್ದು ನಿನಗೇನ್ ಹೇಳ್ತಾರೆ?"

ಒಂದು ವಸಂತದಲ್ಲಿ, ಹಿಮ ಕರಗಿ ದಾರಿಯೆಲ್ಲ ಕೆಸರಾಗಿದ್ದಾಗ, ಸಭೆಯ ಕೆಲಸ ನೋಡಿಕೊಳ್ಳುವ ಹಿರಿಯ ಡೀಕನ್ ಆರಿನ್ ಪೈಕ್ ನ್ಯುಮೋನಿಯಾದಿಂದ ಹಾಸಿಗೆ ಹಿಡಿದರು. ಪಾದ್ರಿ ಕುದುರೆಗಾಡಿ ಕಟ್ಟಿಕೊಂಡು ಹೋಗಿ ಪ್ರಾರ್ಥಿಸಿದರು. ಪೈಕ್ 'ಆಮೆನ್' ಅಂದು, "ಪಾದ್ರಿಗಳೇ, ಅಮ್ಮಾವ್ರನ್ನ ಒಂದ್ಸಲ ಕಳಿಸಿಕೊಡಿ. ಒಂದ್ ಮಾತು ಹೇಳೋದಿದೆ" ಅಂದರು.

ಪಾದ್ರಿ ಮನೆಗೆ ಬಂದು ಕೋಟು ಬಿಚ್ಚಿ ನೇತುಹಾಕಿದರು, ಊಟ ಮಾಡಿದರು. ಆ ಮಾತು ಮಾತ್ರ ಬಾಯಿಂದ ಬರಲಿಲ್ಲ. ಎರಡು ದಿನಕ್ಕೆ ಪೈಕ್ ತೀರಿಕೊಂಡರು.

ಸಮಾಧಿಯ ಹತ್ತಿರ ಪೈಕರ ಮಗಳು ಹುಲ್ಡಾ ಲವೈನಾಳ ಕೈ ಹಿಡಿದಳು. "ಅಪ್ಪ ಬಾಗಿಲನ್ನೇ ನೋಡ್ತಿದ್ರು. ನೀವ್ಯಾಕಮ್ಮ ಬರಲಿಲ್ಲ?"

ಲವೈನಾ ಗಂಡನ ಮುಖ ನೋಡಿದಳು. ಮನೆಗೆ ಬಂದ ಮೇಲಿನ ಜಗಳ ನನಗೆ ಬೇಲಿಯಾಚೆಯಿಂದ ಕೇಳಿಸಿತು.

"ಸಾಯೋ ಮನುಷ್ಯನ ಮಾತನ್ನ ನುಂಗಿಬಿಟ್ರಲ್ಲ!"

"ಊರು ಕೈಯೆತ್ತಿದ್ದು ನನಗೆ ಲವೈನಾ, ನಿನಗಲ್ಲ!"

"ಹಾಗಾದ್ರೆ ಆ ಕೈಯೆತ್ತಿದವರಿಗೇ ಹೋಗಿ ಹೇಳಿ, ಏನ್ ಮಾಡಿದ್ರಿ ಅಂತ."

ಪಾದ್ರಿ ಆ ಸಂಜೆಯೇ ಹುಲ್ಡಾಳ ಮನೆಗೆ ನಡೆದುಹೋಗಿ ನಿಜ ಹೇಳಿದರು. ಆಕೆ ಮುಖದ ಮೇಲೇ ಬಾಗಿಲು ಹಾಕಿದಳು. ಭಾನುವಾರ ಸಭೆಯ ಮುಂದೆಯೂ ಹೇಳಿದರು, ಪ್ರಸಂಗ ಬರೆದುಕೊಳ್ಳದೆ, ತೊದಲುತ್ತಾ. ಅವರನ್ನು ಇಟ್ಟುಕೊಳ್ಳಬೇಕೋ ಬೇಡವೋ ಎಂದು ಮತ್ತೆ ಕೈಯೆತ್ತಿಸಿದಾಗ ಹೆಚ್ಚಿನವರು ಇರಲಿ ಎಂದು ಎತ್ತಿದರು. ಹುಲ್ಡಾ ಎತ್ತಲಿಲ್ಲ.

ಮುಂದಿನ ವರ್ಷ ಹುಲ್ಡಾಳ ಹೆರಿಗೆ ಕಷ್ಟವಾಯಿತು. ಲವೈನಾ ಬರಲಿ ಎಂದು ಹೇಳಿಕಳಿಸಿದಳು. ಆ ಮಾತು ಮತ್ತೆ ಪಾದ್ರಿಯ ಕಿವಿಗೇ ಮೊದಲು ಬಿತ್ತು. ತಾವೇ ಗಾಡಿ ಕಟ್ಟಿ, ಹೆಂಡತಿಯನ್ನು ಕೂರಿಸಿಕೊಂಡು ಹೋಗಿ, ಮಳೆಯಲ್ಲಿ ಗಾಡಿಯ ಮೇಲೇ ಕೂತರು. ಹುಲ್ಡಾಳ ಗಂಡ ಹೊರಗೆ ಬಂದ.

"ನೆನೀತಿದೀರಲ್ಲ ಪಾದ್ರಿಗಳೇ, ಒಳಗೆ ಬನ್ನಿ."

"ಕರೆದಿರೋದು ಅವಳನ್ನ," ಅಂದರಂತೆ. ಹಾಗನ್ನುವಾಗ ಆ ಹಳೇ ಹೊಟ್ಟೆಕಿಚ್ಚಿಗೆ ಮುಖ ಇನ್ನೂ ಹುಳ್ಳಗೇ ಇತ್ತಂತೆ.