ರೋಸಮ್ಮ ಕೊಟ್ಟ ಕಿತ್ತಳೆ

ಅಕ್ಕ, ಆ ಮಾತನ್ನು ಹುಟ್ಟಿಸಿದವಳು ರೋಸಮ್ಮ ಅಲ್ಲ, ನಾನು. ನಿನ್ನ ಕೆಲಸ ಹೋದದ್ದು ನನ್ನ ಬಾಯಿಂದ. ಇದನ್ನು ಹೇಳಲೆಂದೇ ಎಷ್ಟೋ ಸಲ ಮಳವಳ್ಳಿಗೆ ಬಂದೆ, ನಿನ್ನ ಜಗುಲಿಯ ಮೇಲೆ ಕೂತೆ, ನೀನು ಕೊಟ್ಟ ಕಾಫಿ ಕುಡಿದು ಮತ್ತೆ ಬಸ್ಸು ಹತ್ತಿದೆ. ಮೊನ್ನೆ ನಿನ್ನ ತಿಥಿ ಮುಗಿಯಿತು. ಈಗ ಬರೆಯುತ್ತಿದ್ದೇನೆ — ನೀನು ಓದುವುದಿಲ್ಲ ಎಂದು ಗೊತ್ತಾದ ಮೇಲೆ.

ಆ ಭಾನುವಾರ ನೆನಪಿದೆಯಾ? ಯುದ್ಧದ ಕಾಲ, ಸೀಮೆಎಣ್ಣೆಗೂ ಕಷ್ಟ. ನೀನು ಮಂಡ್ಯದಿಂದ ರೈಲಿನಲ್ಲಿ ಬಂದು ಹನಕೆರೆಯಲ್ಲಿ ಇಳಿದು, ಗದ್ದೆಯ ಬದುವಿನ ಮೇಲೆ ಸೆರಗು ಸಿಕ್ಕಿಸಿಕೊಂಡು ನಡೆದು ಬಂದೆ. ಹೆರಿಗೆಯಲ್ಲಿ ಅವ್ವ ತೀರಿಕೊಂಡ ಮೇಲೆ ಅಪ್ಪ ಕೇರಿಯವರ ಮಾತು ಮೀರಿ ನಿನ್ನನ್ನು ಆಸ್ಪತ್ರೆಯಲ್ಲಿ ನರ್ಸ್ ಕೆಲಸ ಕಲಿಯಲು ಕಳಿಸಿದ್ದ. ನಿನ್ನ ಚೀಲದಲ್ಲಿ ಎಂದಿನಂತೆ ನನಗೊಂದು ಪುಸ್ತಕವಿತ್ತು. ಅದರ ಜೊತೆಗೆ ಒಂದು ಕಿತ್ತಳೆ.

ಆ ನರ್ಸ್ ಕಾದಂಬರಿಗಳು! ಇಂಗ್ಲಿಷಿನಿಂದ ಯಾರೋ ಅವಸರದಲ್ಲಿ ಇಳಿಸಿದವು, ಹೆಸರುಗಳು ಮಾತ್ರ ನಮ್ಮವು. ನಲಿನಿ ಎಂಬ ನರ್ಸು, ಬೆಂಗಳೂರಿನಲ್ಲಿ ಹಿಮ ಸುರಿಯುತ್ತಿದ್ದರೆ, ಬೆಂಕಿಯ ಮುಂದೆ ಕೂತು ರಾಗಿ ಗಂಜಿ ಕುಡಿಯುತ್ತಿದ್ದಳು. ನಾನು ಗಟ್ಟಿಯಾಗಿ ಓದುತ್ತಿದ್ದೆ, ನೀನು ಹಿಂದೆ ಕೂತು ನನ್ನ ತಲೆ ಬಾಚುತ್ತಿದ್ದೆ.

"ಅಲ್ಲ ಕಣಮ್ಮಿ, ಈ ನಲಿನಿ ಯಾವಾಗ್ ನೋಡುದ್ರೂ ಕಿಟಕಿ ತಾವೇ ನಿಂತವ್ಳಲ್ಲ, ರೋಗಿಗಳ ಹೇಲುಚ್ಚೆ ತೆಗೆಯೋರ್ ಯಾರು? ಇವ್ಳ ತಾತನಾ?" ಎಂದು ನೀನು ನಗುತ್ತಿದ್ದೆ. ನಾನು ಪುಸ್ತಕ ಮುಚ್ಚಿದರೆ, "ಓದೇ, ಓದು. ಡಾಕ್ಟ್ರು ಬಂದ್ರಾ?" ಎಂದು ಬೆನ್ನು ತಿವಿಯುತ್ತಿದ್ದೆ.

ಆ ಪುಸ್ತಕಗಳಲ್ಲಿ ಹೆರಿಗೆಗೆ ಬಂದ ಹೆಂಗಸು ಒಬ್ಬಳೂ ಸಾಯುತ್ತಿರಲಿಲ್ಲ. ಅದಕ್ಕೇ ನಮಗೆ ಅವು ಬೇಕಿದ್ದವೇನೋ.

ಅವತ್ತು ಮಾತ್ರ ನೀನು ನಗಲಿಲ್ಲ. ಜ್ವರದ ಪಟ್ಟಿ ಬರೆಯುವುದು ಮರೆತಿದ್ದಕ್ಕೆ ಡಾಕ್ಟರು ಎಲ್ಲರೆದುರು ಬೈದರು, ಮರೆಯಲ್ಲಿ ನಿಂತು ಅತ್ತುಬಿಟ್ಟೆ ಎಂದು ನೀನು ಹೇಳಿದೆ. ತಪ್ಪು ನನ್ನದೇ ಎಂದೂ ಹೇಳಿದೆ. ನಾನು ಕೇಳಿಸಿಕೊಂಡದ್ದೇ ಬೇರೆ. ನಮ್ಮ ಕಾದಂಬರಿಗಳಲ್ಲಿ ಮೊದಲು ಸಿಡುಕುವ ಡಾಕ್ಟರೇ ಕೊನೆಯಲ್ಲಿ ಕೈ ಹಿಡಿಯುವವನು. ಬೈದನೆಂದರೆ ಮನಸ್ಸಿಟ್ಟಿದ್ದಾನೆ — ಇದರಲ್ಲಿ ನನಗೆ ಒಂದಿಷ್ಟೂ ಸಂಶಯವಿರಲಿಲ್ಲ. ಕಿತ್ತಳೆ ಯಾರು ಕೊಟ್ಟರು ಎಂದು ನಾನು ಕೇಳಿದೆ. "ಆಸ್ಪತ್ರೇಲಿ ಒಬ್ರು. ಅಳಬ್ಯಾಡ ತಿನ್ನು ಅಂತ ಕೊಟ್ರು. ನಿಂಗೆ ಇರ್ಲಿ ಅಂತ ತಂದೆ" ಎಂದೆ ನೀನು. ಯಾರೆಂದು ನಾನು ಮತ್ತೆ ಕೇಳಲಿಲ್ಲ. ಕೇಳಿದ್ದರೆ... ಇಬ್ಬರೂ ಅರ್ಧರ್ಧ ತಿಂದೆವು.

ಮಾರನೆಯ ದಿನ ಬಾವಿಕಟ್ಟೆಯಲ್ಲಿ ದೊಡ್ಡತಾಯಮ್ಮ, ನಮ್ಮ ಪಕ್ಕದ ಮನೆಯವಳು, ಎಂದಿನಂತೆ ಕೆಣಕಿದಳು. "ನಿಮ್ಮಕ್ಕ ಕಂಡೋರ್ ಗಾಯ ತೊಳ್ಕಂಡೇ ಮುದ್ಕಿ ಆಯ್ತಾಳೆ ಬುಡು. ಅವ್ಳ್ನ ಯಾವನ್ ಕಟ್ಕಂಡಾನು?"

"ದೊಡ್ಡ ಡಾಕ್ಟ್ರೇ ಕಟ್ಕತಾರೆ ಕಣತ್ತೆ, ನೋಡ್ತಾ ಇರು. ಆಗ್ಲೇ ಕಿತ್ಲೆ ಹಣ್ಣು ಕೊಟ್ಟವ್ರೆ."

ಅಷ್ಟೇ. ಹೇಳುವಾಗ ನನ್ನ ಎದೆ ಉಬ್ಬಿತ್ತು, ಅಕ್ಕ. ಅದನ್ನು ಮುಚ್ಚಿಡಲಾರೆ.

ಬಾವಿಯಿಂದ ಮದ್ದೂರು ಸಂತೆಗೆ ಹೋಗುವಷ್ಟರಲ್ಲಿ ಆ ಮಾತಿನಿಂದ ನನ್ನ ಹೆಸರು ಉದುರಿಹೋಗಿತ್ತು. ಅಪ್ಪನ ಕಿವಿಗೆ ಅದು ಆಸ್ಪತ್ರೆಯ ಕಡೆಯಿಂದಲೇ ಬಂದ ಸುದ್ದಿಯಾಗಿ ಮುಟ್ಟಿತು. ಹಣ್ಣು ಒಂದು ಬುಟ್ಟಿಯಾಗಿತ್ತು. ಮದುವೆಯ ಮಾತು ಹೋಗಿ ಬೇರೆ ಏನೇನೋ ಸೇರಿಕೊಂಡಿತ್ತು. ಅಪ್ಪ ಸಂತೆಯಿಂದ ನೇರ ಮಂಡ್ಯಕ್ಕೆ ಹೋಗಿ ನಿನ್ನನ್ನು ಕರೆತಂದ. ನಡುಮನೆಯಲ್ಲಿ ನಿಂತು, "ಆ ಡಾಕ್ಟ್ರು ಕಿತ್ಲೆ ಹಣ್ ಕೊಟ್ನಂತಲ್ಲ, ದಿಟವೋ ಸುಳ್ಳೋ?" ಎಂದ. ನೀನು ಬೆಚ್ಚಿದೆ. "ಅದ್ನ ಕೊಟ್ಟೋಳು ರೋಸಮ್ಮ ಕಣಪ್ಪ, ನನ್ ಜೊತೆ ನರ್ಸು. ಅವ್ಳಿಗ್ ಬುಟ್ರೆ ಯಾರ್ಗೂ ಗೊತ್ತಿಲ್ಲ..." ಎನ್ನುತ್ತ ಅಲ್ಲೇ ಮಾತು ನಿಲ್ಲಿಸಿದೆ. ನಿನ್ನ ಮುಖ ಕಲ್ಲಾದದ್ದನ್ನು ನಾನು ನೋಡಿದೆ.

ನಾನು ಅಡುಗೆಮನೆ ಬಾಗಿಲಲ್ಲಿದ್ದೆ. ಇನ್ನರ್ಧ ತಿಂದವಳು.

ರೋಸಮ್ಮನೇ ಆ ಮಾತು ಹಬ್ಬಿಸಿದಳೆಂದು ನೀನು ಅಷ್ಟು ಬೇಗ ಹೇಗೆ ನಂಬಿದೆ ಎಂದು ಬಹಳ ದಿನ ಯೋಚಿಸಿದ್ದೇನೆ. ನಲಿನಿಯ ಕತೆಗಳಲ್ಲಿ ಜೊತೆಯ ನರ್ಸು ಯಾವಾಗಲೂ ಹೊಟ್ಟೆಕಿಚ್ಚಿನವಳು. ಚಾಡಿ ಹೇಳುವವಳು ಅವಳೇ. ಹಿಮವನ್ನೂ ಕಿಟಕಿಯನ್ನೂ ನೋಡಿ ನಾವು ನಕ್ಕೆವು, ಇದೊಂದನ್ನು ನೋಡಿ ನಗಲಿಲ್ಲ. ಒಂದು ಪುಸ್ತಕದಲ್ಲಾದರೂ ಅಳುವವಳಿಗೆ ಹಣ್ಣು ಕೊಡುವ ಗೆಳತಿ ಇದ್ದಿದ್ದರೆ... ಇಲ್ಲ, ಪುಸ್ತಕದ ಮೇಲೆ ಹಾಕಬಾರದು. ನಾನು ಬಾಯಿ ಬಿಟ್ಟಿದ್ದರೆ ಸಾಕಿತ್ತು.

ಅದಕ್ಕೆ ಇನ್ನೊಂದು ಸಲವೂ ಕಾಲ ಕೂಡಿಬಂದಿತ್ತು. ಮಳವಳ್ಳಿಯ ಸಂಬಂಧ ಗೊತ್ತಾಗಿ ಚಪ್ಪರಕ್ಕೆ ಗಳ ತರುತ್ತಿದ್ದ ದಿನ ರೋಸಮ್ಮ ನಮ್ಮ ಬಾಗಿಲಿಗೆ ಬಂದಳು. ನೀನು ಬಿಟ್ಟುಬಂದಿದ್ದ ಬಿಳಿ ಸೀರೆಗಳನ್ನು ಒಗೆದು ಇಸ್ತ್ರಿ ಮಾಡಿಸಿ ತಂದಿದ್ದಳು. ನೀನು ಒಳಗಿನಿಂದ ಬರಲಿಲ್ಲ. ಅವಳು ನನ್ನನ್ನೇ ನೋಡಿ, "ನಾನೇನ್ ಮಾಡ್ದೆ ಅವ್ಳಿಗೆ? ನೀನಾದ್ರೂ ಹೇಳಮ್ಮ" ಎಂದಳು.

"ಅಕ್ಕಂಗೆ ತಲೆನೋವು" ಎಂದೆ.

ಬಾವಿಕಟ್ಟೆಯಲ್ಲಿ ಆಡಿದ್ದು ತಿಳಿಯದೆ. ಇದನ್ನು ತಿಳಿದೇ ಹೇಳಿದೆ. ನಾನಂದೆನೆಂದು ಗೊತ್ತಾದರೆ ನೀನು ನನ್ನ ತಲೆ ಬಾಚುವುದಿಲ್ಲ — ಅಷ್ಟೇ ಭಯ, ಅಷ್ಟು ಸಣ್ಣದು. ಅವಳು ಸೀರೆಗಳನ್ನು ನನ್ನ ಕೈಗಿಟ್ಟು ಸ್ಟೇಷನ್ನಿನ ಕಡೆ ನಡೆದಳು. ಹಿಂತಿರುಗಿ ಒಮ್ಮೆ ನೋಡಿದಳು.

ಭಾವ ಒಳ್ಳೆಯವರು. ಮಳವಳ್ಳಿಯ ನಿನ್ನ ಬೀದಿಯಲ್ಲಿ ಯಾರ ಮನೆಯಲ್ಲಿ ಹೆರಿಗೆಯಾದರೂ ನಿನ್ನನ್ನು ಕರೆಯುತ್ತಿದ್ದರು, ನೀನೂ ಹೋಗುತ್ತಿದ್ದೆ. ಆದರೆ ಆ ಬಿಳಿ ಸೀರೆಗಳನ್ನು ಒಂದೊಂದಾಗಿ ಹರಿದು ಕೂಸುಗಳಿಗೆ ಸುತ್ತಲು ಕೊಟ್ಟುಬಿಟ್ಟೆ. ಕೊನೆಯ ಜ್ವರದಲ್ಲಿ ನಾನು ಪಕ್ಕದಲ್ಲಿದ್ದಾಗ, "ಆ ಕಿತ್ಲೆ ಹುಳಿ ಇತ್ತಲ್ವೇನಮ್ಮಿ?" ಎಂದು ಕೇಳಿ ನೀನು ಕಣ್ಣು ಮುಚ್ಚಿಕೊಂಡೆ. ಯಾವ ಕಿತ್ತಳೆ ಎಂದು ನಾನು ಕೇಳಲಿಲ್ಲ. ನಿನಗೆ ಗೊತ್ತಿತ್ತಾ? ಯಾವಾಗಿನಿಂದ? ಗೊತ್ತಿದ್ದೂ ನನಗೆ ಕಾಫಿ ಕೊಡುತ್ತಿದ್ದೆಯಾ? ಇದು ನನ್ನನ್ನು ಕೂರಲು ಬಿಡುತ್ತಿಲ್ಲ. ಬರೆಯುತ್ತಲೇ ಎರಡು ಸಲ ಎದ್ದು ಹೊರಗೆ ಹೋಗಿಬಂದೆ.

ನಿನ್ನೆ ಮಂಡ್ಯಕ್ಕೆ ಹೋಗಿದ್ದೆ. ಆಸ್ಪತ್ರೆಯಲ್ಲಿ ಹಳಬರು ಯಾರೂ ಇಲ್ಲ. ಚರ್ಚಿನ ಬಳಿ ಒಬ್ಬ ಮುದುಕಿ, ರೋಸಮ್ಮ ಬಹಳ ಹಿಂದೆಯೇ ಕೋಲಾರದ ಕಡೆ ಹೋದಳು ಎಂದಳು. ಅಲ್ಲಿಗೂ ಹೋಗುತ್ತೇನೆ. ಕಿತ್ತಳೆಯ ವಿಷಯವನ್ನು ಅವಳೆದುರು ನಿಂತು ಹೇಳಬೇಕು, ಅವಳು ಏನಂದರೂ ಕೇಳಿಸಿಕೊಳ್ಳಬೇಕು.

ರೋಸಮ್ಮ ಇನ್ನೂ ಸಿಕ್ಕಿಲ್ಲ.