ಪಟ್ಟಿ ಕಟ್ಟಿ ಬರೆದ ಅಂಕಿ

ಚೆನ್ನೈನ ನಗರ ಆರೋಗ್ಯ ಕೇಂದ್ರಗಳಲ್ಲಿ ಬಿಪಿ ನೋಡುವವರು ನೂರಾರು ಮಂದಿ. ತೋಳಿಗೆ ಪಟ್ಟಿ ಕಟ್ಟಿ, ಕಂಡದ್ದನ್ನೇ ಬರೆಯುವವರು ಯಾರೆಂದು ಕೇಳಿದರೆ ಮೊದಲು ನೆನಪಾಗುವ ಹೆಸರು ಹಿರಿಯ ಶುಶ್ರೂಷಕಿ ಶ್ರೀಮತಿ ಕಲ್ಯಾಣಮ್ಮನವರದು. ಮೂವತ್ತಮೂರು ವರ್ಷದ ಸೇವೆ ಮುಗಿಸಿ ಈಗ ನಿವೃತ್ತರಾಗಿರುವ ಅವರಿಗೆ ಮಾತ್ರ ಈ ಹೊಗಳಿಕೆ ಹಿಡಿಸದು. ಅದಕ್ಕೆ ಕಾರಣವಿದೆ.

ದಾವಣಗೆರೆಯಿಂದ ಮದುವೆಯಾಗಿ ಬಂದವರು ತಮಿಳನ್ನು ರೋಗಿಗಳಿಂದಲೇ ಕಲಿತರು. ಕೋಯಂಬೇಡಿನ ತರಕಾರಿ ಮಾರುಕಟ್ಟೆಯಲ್ಲಿ ಮೂಟೆ ಹೊರುವವರು ಕೆಲಸ ಬಿಟ್ಟು ಬರಲಾರರೆಂದು ಬಿಪಿ ಯಂತ್ರವನ್ನು ಚೀಲದಲ್ಲಿಟ್ಟುಕೊಂಡು ತಾವೇ ಅಲ್ಲಿಗೆ ಹೋಗುತ್ತಿದ್ದರು. ಅವರನ್ನು ಐದು ನಿಮಿಷ ಸುಮ್ಮನೆ ಕೂರಿಸಿ, ಆಮೇಲೆಯೇ ಅಳೆಯುತ್ತಿದ್ದರು.

ಆರು ವರ್ಷದ ಹಿಂದೆ ಗುಣಮಟ್ಟದ ಪರಿಶೀಲನೆ ಬಂತು. ನೂರರಲ್ಲಿ ಅರವತ್ತು ರೋಗಿಗಳ ಬಿಪಿ ಹತೋಟಿಯಲ್ಲಿದ್ದರೆ ಕೇಂದ್ರಕ್ಕೆ ಪ್ರಶಸ್ತಿ ಫಲಕ, ಇವರಲ್ಲಿದ್ದದ್ದು ಮೂವತ್ತೆಂಟು. ವೈದ್ಯಾಧಿಕಾರಿ ಸುಜಯೀಂದ್ರರು ಕೆಟ್ಟವರಲ್ಲ. ಫಲಕ ಬಂದರೆ ಇನ್ನೊಬ್ಬ ನರ್ಸ್ ಸಿಗುತ್ತಾರೆ, ಇದೊಂದು ಸಲ ಅಂಕಿ ಸರಿಮಾಡಿ ಬರೆಯಿರಿ ಎಂದರು. ಕಲ್ಯಾಣಮ್ಮನವರು ಒಪ್ಪಿದರು. ಎರಡು ತಿಂಗಳು ತಮ್ಮ ಕೈಯಾರೆ ರಿಜಿಸ್ಟರಿನಲ್ಲಿ ಸಾಲುಸಾಲಾಗಿ ನೂರಮೂವತ್ತು-ಎಂಬತ್ತು ಎಂದು ಬರೆದರು.

ಸೊಪ್ಪು ಮಾರುವ ಪ್ರೇಮಮ್ಮ ಚೀಟಿ ನೋಡಿ ನಕ್ಕಿದ್ದರು. "ಏನಕ್ಕ, ನನಗೂ ನಮ್ಮೆಜಮಾನ್ರಿಗೂ ಒಂದೇ ಬಿಪಿನಾ? ಮದುವೆಯಾದಾಗಿನಿಂದ ಬೇರೆ ಯಾವುದರಲ್ಲೂ ನಾವು ಒಂದಾಗಿಲ್ಲ."

ಚೀಟಿಯಲ್ಲಿ ಅಂಕಿ ಸರಿಯಿದ್ದುದರಿಂದ ಪ್ರೇಮಮ್ಮನವರ ಮಾತ್ರೆ ಹೆಚ್ಚಿಸಲಿಲ್ಲ. ಫಲಕ ಗೋಡೆಗೇರಿದ ವಾರವೇ ಲಕ್ವ ಹೊಡೆದು ಅವರ ಬಲಭಾಗ ಬಿದ್ದುಹೋಯಿತು, ಮಾತೂ ಹೋಯಿತು.

ಅಂದಿನಿಂದ ಪ್ರತಿ ಭಾನುವಾರ ಕಲ್ಯಾಣಮ್ಮನವರು ಅವರ ಮನೆಗೆ ಹೋಗಿ ಬಲಗೈ ನೀವಿ ಬರುತ್ತಾರೆ. ಆ ಕೈ ಇನ್ನೂ ಎದ್ದಿಲ್ಲ. ಆಮೇಲೆ ಅವರು ಒಂದು ಸುಳ್ಳು ಅಂಕಿಯನ್ನೂ ಬರೆಯಲಿಲ್ಲ. ಕೇಂದ್ರದ ಅಂಕ ಕುಸಿಯಿತು, ಮೇಲಿನಿಂದ ಪತ್ರಗಳು ಬಂದವು. ಇನ್ನೊಬ್ಬ ನರ್ಸ್ ಬರಲೇ ಇಲ್ಲ. ಫಲಕ ಮಾತ್ರ ಗೋಡೆಯ ಮೇಲೆ ಹಾಗೇ ಇದೆ.

ಬೀಳ್ಕೊಡುಗೆಯ ದಿನ ಹಾರ ತೆಗೆದಿಟ್ಟು, ಅವರು ರೋಗಿಗಳ ಸಾಲಿನಲ್ಲಿ ಕೂತು, ಸರದಿ ಬಂದಾಗ ತೋಳು ಚಾಚಿದರು. ಅವರ ಜಾಗಕ್ಕೆ ಬಂದಿದ್ದ, ಅವರೇ ಕೆಲಸ ಕಲಿಸಿದ ಶರಣ್ಯಾ ಅಭ್ಯಾಸಬಲದಿಂದ ನೂರಮೂವತ್ತು-ಎಂಬತ್ತು ಎಂದು ಬರೆದುಬಿಟ್ಟಳು.

"ಪಟ್ಟಿ ಕಟ್ಟಮ್ಮ. ಆಮೇಲೆ ಬರಿ."

"ದಿನಾ ಇನ್ನೂರು ಜನ ಸಿಸ್ಟರ್, ನಾನೊಬ್ಬಳು. ಎಲ್ಲರಿಗೂ ಕಟ್ಟಿದರೆ ಸಾಲು ಊರಾಚೆ ತಾಂಬರಂ ಮುಟ್ಟುತ್ತೆ."

ಅದು ಸುಳ್ಳಲ್ಲ. ಆದರೆ ಕಲ್ಯಾಣಮ್ಮನವರು ಚಾಚಿದ ತೋಳನ್ನು ಹಿಂದೆಗೆಯಲಿಲ್ಲ. ಶರಣ್ಯಾ ಕಟ್ಟಿದಳು. ಬಂದದ್ದು ನೂರ ಎಪ್ಪತ್ತೆರಡು-ತೊಂಬತ್ತೆಂಟು.

ಅವರ ಆಯುಸ್ಸು ಬೆಳೆಯಲಿ ಎಂದು ಹಾರೈಸುವ ಮುನ್ನ ಅವರ ಮಾತ್ರೆ ಹೆಚ್ಚಿಸಬೇಕಾಗಿದೆ. ತಿಂಗಳಿಗೊಮ್ಮೆ ಅವರು ಈ ಸಾಲಿಗೆ ಬರಲಿ, ಬಹಳ ವರ್ಷ ಬರಲಿ. ಅವರು ಬಂದ ದಿನ ಈ ರಿಜಿಸ್ಟರಿನಲ್ಲಿ ಒಂದು ಅಂಕಿಯಾದರೂ ನಿಜವಾಗಿರುತ್ತದೆ.