ಶಾಲೆ ತೋರಿಸುವ ಶನಿವಾರ

ನಮ್ಮ ಇತಿಹಾಸದ ಸರ್ ಅವರ ತೋರುಬೆರಳು ತುದಿಯಲ್ಲಿ ಎಡಕ್ಕೆ ಬಾಗಿತ್ತು. ಅವರು ಗೋಡೆ ತೋರಿಸಿದರೆ ಬೆರಳು ಪಕ್ಕದ ಬೇವಿನ ಮರವನ್ನು ತೋರಿಸುತ್ತಿತ್ತು. ಬೆರಳು ನೋಡಬಾರದು, ಸರ್ ಕಣ್ಣು ನೋಡಬೇಕು ಎಂದು ಎಂಟನೆಯ ತರಗತಿಗೆ ಬಂದ ವಾರದಲ್ಲೇ ಎಲ್ಲರೂ ಕಲಿಯುತ್ತಿದ್ದೆವು. ಬಲಗೈ ಬೆರಳೋ ಎಡಗೈ ಬೆರಳೋ ಎಂದು ಈಗ ಯಾರಾದರೂ ಪಟ್ಟು ಹಿಡಿದು ಕೇಳಿದರೆ ಹಿಂಜರಿದೇನು.

ಗೋಕಾಕದ ಊರಂಚಿನ ಸರ್ಕಾರಿ ಹೈಸ್ಕೂಲು ಅದು. ಮೊದಲು ಹೆಂಚಿನ ಕೋಣೆಗಳು, ಆಮೇಲೆ ಕಲ್ಲಿನ ಕಟ್ಟಡ, ಆಮೇಲೆ ಸಿಮೆಂಟಿನ ಮಹಡಿ. ಊರು ಬೆಳೆದಂತೆ ಶಾಲೆಯೂ ಅಡ್ಡಾದಿಡ್ಡಿ ಬೆಳೆದಿತ್ತು. ಮೇಲವಂಕಿ, ಕುಲಗೋಡದಿಂದ ಬಸ್ಸಿನಲ್ಲಿ ಬರುವ ಹೊಸ ಮಕ್ಕಳು ತಮ್ಮ ವರ್ಗ ಸಿಗದೆ ಅಲೆಯುತ್ತಿದ್ದರು. ಅದಕ್ಕೆ ಸರ್ ಒಂದು ರೂಢಿ ಹಾಕಿದ್ದರು. ಜೂನ್ ತಿಂಗಳ ಒಂದು ಶನಿವಾರ, ಹತ್ತನೆಯ ತರಗತಿಯ ಒಬ್ಬರು ಹೊಸಬರಿಗೆ ಶಾಲೆ ತೋರಿಸಬೇಕು. ಯಾವ ಕೋಣೆ ಮೊದಲು ಹತ್ತಿಯ ಗೋದಾಮಾಗಿತ್ತು, ಮೊದಮೊದಲು ಬಂದ ಹುಡುಗಿಯರು ಯಾವ ಕಿಟಕಿಯ ಕೆಳಗೆ ಬೇರೆಯಾಗಿ ಕೂಡುತ್ತಿದ್ದರು, ಹೊಳೆ ಬಂದಾಗ ನೀರು ಗೋಡೆಯ ಎಲ್ಲಿಯವರೆಗೆ ಏರಿತ್ತು, ಎಲ್ಲ ಹೇಳಬೇಕು. ಸರ್ ತುಟಿ ಬಿಚ್ಚದೆ ಗುಂಪಿನ ಹಿಂದೆ ನಡೆಯುತ್ತಿದ್ದರು.

ನಾನು ಅದಕ್ಕಾಗಿಯೇ ಎರಡು ವರ್ಷ ಸರ್ ಬೆನ್ನು ಹತ್ತಿ ತಿರುಗಿ ಕೋಣೆ ಕೋಣೆಯ ಕಥೆ ಬಾಯಿಪಾಠ ಮಾಡಿದ್ದೆ. ಅವರು ಆರಿಸಿದ್ದು ನನ್ನ ಬೆಂಚಿನ ಕುಲಗೋಡದ ಹುಡುಗಿಯನ್ನು. ಬಸ್ಸು ತಡವಾಗಿ ದಿನಾ ಪ್ರಾರ್ಥನೆ ತಪ್ಪಿಸಿಕೊಳ್ಳುತ್ತಿದ್ದವಳನ್ನು! ತಡೆಯಲಾರದೆ ಶಿಕ್ಷಕರ ಕೋಣೆಗೆ ಹೋಗಿ, ಅವಳಿಗೆ ಏನೂ ಗೊತ್ತಿಲ್ಲ ಎಂದೆ.

"ಖರೆ ಐತಿ ತಂಗಿ," ಎಂದರು ಸರ್. "ಕೇಳಿ ಕಲೀತಾಳ. ನೀ ಹೇಳಾಕ ನಿಂತರ ಹುಡುಗ್ರು ಸಾಲಿ ನೋಡಂಗಿಲ್ಲ, ನಿನ್ನ ನೋಡ್ತಾವ."

ಚಹಾ ಕುಡಿಯುತ್ತಿದ್ದ ಗಣಿತದ ಶಿಕ್ಷಕಿ ಸೆರಗಿನಲ್ಲಿ ಬಾಯಿ ಒರೆಸಿಕೊಂಡರು. ನಕ್ಕರೆಂದೇ ನಾನು ಇಂದಿಗೂ ನಂಬಿದ್ದೇನೆ.

ಆ ಶನಿವಾರ ಅವಳು ಗೋದಾಮಿನ ಕಥೆಯನ್ನೇ ಮರೆತಳು. ಬದಲಿಗೆ ಒಂದು ಮೂಲೆಯಲ್ಲಿ ನಿಂತು, "ಇಲ್ಲೇ ನೋಡ್ರೋ, ನಾ ಮೊದಲ್ನೇ ದಿನ ದಾರಿ ತಪ್ಪಿ ಅತ್ತಿದ್ದು," ಎಂದಳು. ಮಕ್ಕಳು ಕಿಲಕಿಲ ನಕ್ಕು ಅವಳಿಗೆ ಅಂಟಿಕೊಂಡೇ ನಡೆದರು. ಹಿಂದಿನಿಂದ ಸರ್ ಜೋರಾಗಿ ನಕ್ಕರು. ಅಷ್ಟು ಜೋರಾಗಿ ನಕ್ಕಿದ್ದರೋ ಇಲ್ಲವೋ. ಹೊಟ್ಟೆಕಿಚ್ಚಿಗೆ ನೆನಪನ್ನು ತಿದ್ದುವ ಚಟವಿದೆ.

ನಾನು ಧಾರವಾಡದಲ್ಲಿ ಇತಿಹಾಸದಲ್ಲೇ ಎಂ.ಎ. ಮಾಡಿ ಹುಕ್ಕೇರಿಯ ಕಾಲೇಜಿಗೆ ಸೇರಿದೆ. ಅವಳು ಅದೇ ಹೈಸ್ಕೂಲಿಗೆ ಶಿಕ್ಷಕಿಯಾಗಿ ಬಂದಳು. ಹಳೆಯ ವಿದ್ಯಾರ್ಥಿಗಳು ಸೇರಿ ಶಾಲೆಯ ಇತಿಹಾಸ ಬರೆಯಲು ನನ್ನನ್ನು ಕೇಳಿದಾಗ, ನಿವೃತ್ತರಾಗಿ ಮೇಲವಂಕಿಯಲ್ಲಿದ್ದ ಸರ್ ಹತ್ತಿರ ಓಡಿದೆ. ಈ ಸಲವಾದರೂ ನನ್ನ ಸರದಿ ಬಂತು ಎಂಬ ಹಿಗ್ಗು. ಅವರು ಶೇಂಗಾ ಬೆಲ್ಲ ಮುಂದಿಟ್ಟು ಸಂಜೆಯವರೆಗೆ ಹೇಳಿದರು. ಹೊರಟಾಗ ಬಾಗಿಲವರೆಗೆ ಬಂದರು.

"ಚಂದಾಗಿ ಬರಿ. ಬರದ ಮ್ಯಾಲ ಅಕಿಗೆ ಒಮ್ಮೆ ತೋರ್ಸು."

ಒಂದು ಕಾಲಿಗೆ ಚಪ್ಪಲಿ ಮೆಟ್ಟಿದವಳು ಹಾಗೇ ನಿಂತೆ.

ಪುಸ್ತಕ ಅಚ್ಚಿಗೆ ಹೋಗುವ ಮೊದಲೇ ಸರ್ ತೀರಿಕೊಂಡರು. ಆ ದಿನ ಅವಳು ಅವರ ಮನೆಯಲ್ಲಿ ಮಗಳಂತೆ ಓಡಾಡಿ ಬಂದವರಿಗೆ ನೀರು ಕೊಡುತ್ತಿದ್ದಳು. ನಾನು ಕಟ್ಟೆಯ ಮೇಲೆ ಕುಳಿತು ಅವಳು ಕೊಟ್ಟ ನೀರು ಕುಡಿದೆ.

ಸರ್ ಮಾತು ಮೀರಲಾಗದೆ ಬರೆದದ್ದನ್ನು ಅವಳಿಗೆ ಕೊಟ್ಟೆ. ಅವಳು ಎಲ್ಲವನ್ನೂ ಓದಿ ಚೆನ್ನಾಗಿದೆ ಎಂದಳು. ಆದರೆ ಸರ್ ಬಗ್ಗೆ ಇದ್ದ ಪುಟಗಳನ್ನು ಮಾತ್ರ ಬೇರೆ ತೆಗೆದಿಟ್ಟಳು.

"ಇವು ಬ್ಯಾಡ ಬಿಡು. ಸರ್ ಇದ್ದಿದ್ರ ತಾವ ತಗಸ್ತಿದ್ರು."

ಅವಳು ಹೇಳಿದ್ದು ನಿಜ. ಖಂಡಿತ ತೆಗೆಸುತ್ತಿದ್ದರು. ಇಷ್ಟು ಓದಿದ ನನಗೆ ಹೊಳೆಯದ ಇದು ಅವಳಿಗೆ ಥಟ್ಟನೆ ತಿಳಿಯಿತಲ್ಲ ಎಂಬುದೇ ನನ್ನನ್ನು ಸುಡುತ್ತದೆ. ಆ ಪುಟಗಳನ್ನು ಪುಸ್ತಕದಿಂದ ತೆಗೆದೆ. ಇಲ್ಲಿ ಮತ್ತೆ ಬರೆದಿದ್ದೇನೆ. ಇದನ್ನು ಅವಳಿಗೆ ತೋರಿಸುವುದಿಲ್ಲ.